ಮಗಳ ನಕ್ಷೆ, ಅಪ್ಪನ ಗದ್ದೆ

ಬೆಳಗಿನ ಚಹಾಕ್ಕೂ ಮೊದಲು ಬದುವಿನ ಮೇಲೆ ಒಂದು ಸುತ್ತು ಹಾಕಿ ಬರುವುದು ಸಿಂಧನೂರು ಸೀಮೆಯ ಆ ರೈತನ 30 ವರ್ಷದ ರೂಢಿ. ತುಂಗಭದ್ರಾ ಕಾಲುವೆಯ ನೀರು, 4 ಎಕರೆ ಭತ್ತ. ಪೈರು ಎಲ್ಲಿಯಾದರೂ ಕೊಂಚ ಮಂಕಾಗಿ ಕಂಡರೆ ಸಾಕು, ಇಡೀ ಗದ್ದೆಗೆ ಇನ್ನೊಂದು ಸಲ ಯೂರಿಯಾ ಬೀಳುತ್ತಿತ್ತು. ಗೊಬ್ಬರದ ಅಂಗಡಿಯಲ್ಲಿ ಸಾಲ ಏರುತ್ತಿತ್ತು. ಅದರ ಬೆನ್ನಿಗೇ ಕೃಷಿ ಪದವಿ ಓದುವ ಮಗಳ ಫೀಸು.

ಆ ಮಗಳೇ ಒಂದು ದಿನ ಅಧ್ಯಾಪಕರು, ಸಹಪಾಠಿಗಳ ಜೊತೆ ಬಂದು ಅಪ್ಪನ ಗದ್ದೆಯ ಮೇಲೆ ಡ್ರೋನ್ ಹಾರಿಸಿದಳು. ಬದುವಿನ ಬೆಳ್ಳಕ್ಕಿಗಳು ಬೆದರಿ ಎದ್ದುಹೋದವು.

‘ಮ್ಯಾಲಿಂದ ನೋಡಿದ್ರ ಏನ್ ಕಾಣತೈತವ್ವ?’ ಎಂದ ಅಪ್ಪ.

ಮಗಳು ವಿವರಿಸಿದಳು. ಹಸಿರೆಲೆ ಆಹಾರ ತಯಾರಿಸಲು ಕೆಂಪು ಬೆಳಕನ್ನು ಹೀರುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಪೈರು ಸೊರಗಿದರೆ ಈ ಲೆಕ್ಕ ಏರುಪೇರಾಗುತ್ತದೆ. ಕ್ಯಾಮೆರಾ ಎರಡನ್ನೂ ಅಳೆಯುತ್ತದೆ, ಕಂಪ್ಯೂಟರ್ ಬಣ್ಣದ ನಕ್ಷೆ ಮಾಡುತ್ತದೆ. ಉಪಾಯ ಹೊಸದಲ್ಲ. 1972ರಲ್ಲಿ ಅಮೆರಿಕ ಹಾರಿಸಿದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳಲ್ಲೇ ಈ ಲೆಕ್ಕ ಶುರುವಾಗಿತ್ತು. ಆದರೆ ಅದಕ್ಕೆ ಸುಮಾರು 80 ಮೀಟರ್ ಅಗಲದ ನೆಲವೆಲ್ಲ ಒಂದೇ ಚುಕ್ಕೆ. ಅಂದರೆ ಒಂದೂವರೆ ಎಕರೆಗೂ ಹೆಚ್ಚು. ತಗ್ಗಿನಲ್ಲಿ ಹಾರುವ ಡ್ರೋನಿಗೆ ಕೆಲವೇ ಸೆಂಟಿಮೀಟರ್.

ನಕ್ಷೆಯಲ್ಲಿ ಎರಡು ಕಲೆಗಳಿದ್ದವು. ಒಂದು ಮೂಲೆಯಲ್ಲಿ, ಇನ್ನೊಂದು ನಟ್ಟನಡುವೆ.

‘ಎರಡೂ ಕಡೆ ಸಾರಜನಕ ಕಡಿಮಿ ಐತಪ್ಪಾ. ಅಲ್ಲಷ್ಟೇ ಯೂರಿಯಾ ಹಾಕಿದ್ರ ಸಾಕು’ ಎಂದಳು ಮಗಳು.

ಅಪ್ಪ ನಕ್ಕ. ‘ಮೂಲ್ಯಾಗಿಂದು ಹಸಿವಲ್ಲವ್ವ, ಸವಳು. ಮ್ಯಾಲಿನ ಗದ್ದಿ ನೀರು ಬಸಿದು ಅಲ್ಲೇ ನಿಂದ್ರತೈತಿ.’

ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಅದನ್ನು ಅಳೆಯುವ ಸೆನ್ಸರ್ ಕಡ್ಡಿಯನ್ನು ಮೂಲೆಯ ಮಣ್ಣಿಗೆ ಚುಚ್ಚಿದಾಗ ಅಂಕಿ ಸರ್ರನೆ ಮೇಲೇರಿತು. ಅಪ್ಪನ ಮಾತು ನಿಜವಾಗಿತ್ತು. ಅಲ್ಲಿ ಬೇಕಾದದ್ದು ಯೂರಿಯಾ ಅಲ್ಲ, ಬಸಿಗಾಲುವೆ. ಮಗಳ ಮುಖ ಸಣ್ಣದಾಯಿತು.

ಆದರೆ ನಡುವಿನ ಕಲೆಯ ಬಗ್ಗೆ ಅಪ್ಪನಿಗೂ ಗೊತ್ತಿರಲಿಲ್ಲ. ಬದುವಿನಿಂದ ನೋಡಿದರೆ ಎತ್ತರದ ಪೈರು ಅದನ್ನು ಮರೆಮಾಡಿತ್ತು. ಇಬ್ಬರೂ ಕೆಸರಿಗಿಳಿದರು. ತೆಂಡೆ ಸರಿಸಿ ಬುಡ ನೋಡಿದರೆ, ನೀರಿನ ಮಟ್ಟದ ಮೇಲೆಯೇ ಕಂದು ಜಿಗಿಹುಳು ಮುತ್ತಿಕೊಂಡು ರಸ ಹೀರುತ್ತಿತ್ತು. ಯೂರಿಯಾ ಅತಿಯಾದಷ್ಟೂ ಈ ಹುಳುವಿಗೆ ಹಬ್ಬ ಎಂದು ಅಧ್ಯಾಪಕರು ಹೇಳಿದಾಗ, ನಗುತ್ತಿದ್ದ ಅಪ್ಪ ಸುಮ್ಮನಾದ. ಸಾಲ ಮಾಡಿ ತಂದ ಗೊಬ್ಬರವೇ ಹುಳುವನ್ನು ಸಾಕಿತ್ತು.

ಅಂದೇ ಗದ್ದೆಯ ನೀರು ಬಸಿದುಬಿಟ್ಟರು. ಮತ್ತೆ ಯೂರಿಯಾ ಎರಚಲಿಲ್ಲ.

ರಾತ್ರಿ ಮಗಳು ತನ್ನ ವರದಿಯಲ್ಲಿ ‘ಸಾರಜನಕದ ಕೊರತೆ’ ಎಂಬ ಮಾತನ್ನು ಹೊಡೆದುಹಾಕಿದಳು. ಪೈರು ಎಲ್ಲಿ ನರಳುತ್ತಿದೆ ಎಂಬುದನ್ನು ನಕ್ಷೆ ತೋರಿಸಿತ್ತು. ಏಕೆ ಎಂಬುದು ಕೆಸರಿಗಿಳಿದ ಮೇಲೆಯೇ ತಿಳಿದದ್ದು. ಪರೀಕ್ಷೆಯ ಅಂಕಪಟ್ಟಿಯೂ ಅಷ್ಟೇ ತಾನೆ? ಮಗು ಎಲ್ಲಿ ಹಿಂದೆ ಬಿದ್ದಿದೆ ಎಂದು ಅದು ಹೇಳೀತು. ಏಕೆಂದು ತಿಳಿಯಲು ಯಾರಾದರೂ ಪಕ್ಕದಲ್ಲಿ ಕೂತು ಕೇಳಬೇಕು.

ಮರುದಿನ ಬೆಳಿಗ್ಗೆ ಅಪ್ಪ ಎಂದಿನಂತೆ ಬದುವಿನ ಮೇಲೆ ಹೊರಟ. ಅರ್ಧ ಸುತ್ತಿಗೆ ನಿಂತು, ಪಂಚೆ ಮೇಲಕ್ಕೆ ಕಟ್ಟಿ, ಗದ್ದೆಯ ನಡುವಕ್ಕೆ ಇಳಿದ. ಹಿಂದೆಯೇ ಮಗಳೂ ಇಳಿದಳು.