ಆರು ಮೂಲೆಯ ಕಲ್ಲುಗಳ ದ್ವೀಪದಲ್ಲಿ

ಉಡುಪಿಯ ಹತ್ತಿರ ಮಲ್ಪೆಯ ಕಡಲತೀರದಲ್ಲಿ ನಿಂತು ಪಡುವಣಕ್ಕೆ ನೋಡಿದರೆ, ದೂರದಲ್ಲಿ ತೆಂಗಿನ ಮರಗಳ ಗುಂಪೊಂದು ನೀರಿನ ಮೇಲೆ ನಿಂತಂತೆ ಕಾಣುತ್ತದೆ. ಅದೇ ಸೇಂಟ್ ಮೇರೀಸ್ ದ್ವೀಪ. ಅಲ್ಲಿಯವರು ತೋನ್ಸೆಪಾರ್ ಎಂದೂ ಕರೆಯುತ್ತಾರೆ. 1498ರಲ್ಲಿ ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟನೆಂದು ಹೇಳುತ್ತಾರೆ. ನಿಜಕ್ಕೂ ಇದು ಒಂದು ದ್ವೀಪವಲ್ಲ, ನಾಲ್ಕು ದ್ವೀಪಗಳ ಸಾಲು. ಪ್ರವಾಸಿಗರು ಹೋಗುವುದು ಅವುಗಳಲ್ಲಿ ಒಂದಾದ ತೆಂಗಿನ ದ್ವೀಪಕ್ಕೆ. ಮಳೆಗಾಲದಲ್ಲಿ ಕಡಲು ಒರಟಾಗುವುದರಿಂದ ಆಗ ದೋಣಿ ಬಿಡುವುದಿಲ್ಲ.

ಕಳೆದ ಜನವರಿಯ ಒಂದು ಭಾನುವಾರ, ತೀರ್ಥಹಳ್ಳಿಯ ನಮ್ಮ ಬೀದಿಯ ಹದಿನೆಂಟು ಮಂದಿ ಮಿನಿ ಬಸ್ಸಿನಲ್ಲಿ ಅಲ್ಲಿಗೆ ಹೊರಟೆವು. ಏಳು ಮಕ್ಕಳು, ಐವರು ಅಜ್ಜ-ಅಜ್ಜಿಯರು, ಉಳಿದವರು ಮಕ್ಕಳ ಅಪ್ಪ-ಅಮ್ಮಂದಿರು. ನನ್ನ ಹೆಂಡತಿಗೆ ಮಾತ್ರ ಬರಲಾಗಲಿಲ್ಲ. ಮೊಣಕಾಲು ನೋವು, ದೋಣಿ ಹತ್ತಿ ಇಳಿಯುವುದು ಆಗದ ಮಾತು. ನಾಲ್ಕನೇ ತರಗತಿಯ ನಮ್ಮ ಮೊಮ್ಮಗಳಿಗೆ ಅದೇ ಕೊರಗು. "ಅಜ್ಜೀ, ನಿಂಗೆ ಸಮುದ್ರದಿಂದ ಏನಾದ್ರೂ ತಂದೇ ತರ್ತೀನಿ" ಎಂದು ಮಾತು ಕೊಟ್ಟು, ಖಾಲಿ ಬಟ್ಟೆ ಚೀಲ ಹಿಡಿದುಕೊಂಡೇ ಬಸ್ಸು ಹತ್ತಿದಳು.

ಆಗುಂಬೆ ಘಾಟಿ ಇಳಿದು ಮಲ್ಪೆ ಸೇರಿ, ಬುತ್ತಿಯ ಕಡುಬು ಮುಗಿಸಿ ದೋಣಿ ಹತ್ತಿದೆವು. ದಡ ಹಿಂದೆ ಸರಿಯುತ್ತಿದ್ದಂತೆ ಬಿಳಿ ತಲೆಯ, ಇಟ್ಟಿಗೆ ಬಣ್ಣದ ರೆಕ್ಕೆಯ ಹಕ್ಕಿಯೊಂದು ನಮ್ಮ ಮೇಲೆ ಸುತ್ತು ಹಾಕಿತು. "ಗರುಡ!" ಎಂದು ಪಕ್ಕದ ಮನೆಯ ಅಜ್ಜಿ ಕೈ ಮುಗಿದರು. ಅದುವರೆಗೆ ಎರಡೂ ಕೈಯಲ್ಲಿ ಸೀಟನ್ನು ಬಿಗಿಯಾಗಿ ಹಿಡಿದು ಕೂತಿದ್ದವರು ಅವರು! ಕೈ ಬಿಟ್ಟದ್ದು ಗಮನಕ್ಕೆ ಬಂದ ಮೇಲೆ ತಾವೇ ನಕ್ಕರು. ಆಮೇಲೆ ಅವರಿಗೆ ಭಯವಾಗಲಿಲ್ಲ.

ದ್ವೀಪದಲ್ಲಿ ಇಳಿದವರು ಮೊದಲು ಬೆರಗಾಗುವುದು ಬಂಡೆಗಳನ್ನು ಕಂಡು. ಯಾರೋ ಶಿಲ್ಪಿಗಳು ಕಡೆದು, ಒಂದಕ್ಕೊಂದು ಒತ್ತಿ ನಿಲ್ಲಿಸಿದ ಕಂಬಗಳಂತಿವೆ ಅವು. ಕೆಲವು ಎತ್ತರ, ಕೆಲವು ಗಿಡ್ಡ. ಮೆಟ್ಟಿಲು ಹತ್ತಿದಂತೆ ಹತ್ತಬಹುದು. ಮಕ್ಕಳು ಮೂಲೆ ಎಣಿಸುವ ಪಂದ್ಯ ಶುರು ಮಾಡಿದರು. "ನಂದು ಆರು!" "ನಂದು ಐದೇ!" "ಇಲ್ಲಿ ಬನ್ರೋ, ಏಳು ಮೂಲೆದು ಸಿಕ್ತು!"

ನಮ್ಮ ಗುಂಪಿನಲ್ಲಿದ್ದ ನಿವೃತ್ತ ವಿಜ್ಞಾನ ಮೇಷ್ಟ್ರು ಎಲ್ಲರನ್ನೂ ಹತ್ತಿರ ಕರೆದರು. "ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಕೆಸರು ಹೇಗೆ ಬಿರಿಯತ್ತೆ, ನೋಡಿದೀರಲ್ಲ? ಒಣಗಿ ಕುಗ್ಗಿದಾಗ ಬಿರುಕು ಬಿಟ್ಟು ತುಂಡು ತುಂಡಾಗತ್ತೆ. ಇಲ್ಲಿ ಭೂಮಿಯ ಒಳಗಿನಿಂದ ಉಕ್ಕಿದ ಲಾವಾ ನಿಧಾನವಾಗಿ ತಣಿದು ಕುಗ್ಗಿತು. ಬಿರುಕು ಮೇಲಿನಿಂದ ಆಳಕ್ಕೆ ಇಳೀತು. ಅದಕ್ಕೇ ಈ ಕಂಬಗಳು."

ಇದೆಲ್ಲ ನಡೆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಆಗ ನಮ್ಮ ನೆಲವೂ ಆಫ್ರಿಕಾದ ಪಕ್ಕದ ಮಡಗಾಸ್ಕರೂ ಅಂಟಿಕೊಂಡಿದ್ದವು. ಅವು ಬೇರೆಯಾಗುವ ಹೊತ್ತಿಗೆ ಉಕ್ಕಿದ ಲಾವಾ ಇದು. ಅದೇ ವಯಸ್ಸಿನ ಲಾವಾ ಬಂಡೆಗಳು ಮಡಗಾಸ್ಕರ್‌ನಲ್ಲೂ ಇವೆ. ಈಗ ನಡುವೆ ಸುಮಾರು 4,000 ಕಿಲೋಮೀಟರ್ ಕಡಲು! ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಈ ಬಂಡೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿರುವುದು ಸುಮ್ಮನಲ್ಲ.

"ಆಗ ಡೈನೊಸಾರ್ ಇತ್ತಾ?" ಎದುರುಮನೆಯ ಹುಡುಗ ಕೇಳಿದ.

"ಇತ್ತು. ಅವು ಅಳಿದದ್ದು 6.6 ಕೋಟಿ ವರ್ಷದ ಹಿಂದೆ. ಆದ್ರೆ ಹಿಮಾಲಯ ಇನ್ನೂ ಹುಟ್ಟಿರಲಿಲ್ಲ."

"ಹಂಗಾರೆ ಈ ಕಲ್ಲು ಹಿಮಾಲಯಕ್ಕೇ ಅಜ್ಜಿ ಅನ್ನಿ" ಎಂದರು ಪಕ್ಕದ ಮನೆಯ ಅಜ್ಜಿ. ಕೂತಿದ್ದ ಕಲ್ಲನ್ನು ಒಮ್ಮೆ ಸವರಿದರು.

ದ್ವೀಪದ ಇನ್ನೊಂದು ಬದಿಯಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಮೊಮ್ಮಗಳ ಚೀಲ ನೋಡನೋಡುತ್ತಲೇ ಅರ್ಧ ತುಂಬಿತು. ಕಡೆಗೆ ಕಂದು ಪಟ್ಟೆಯ ಶಂಖದಂಥದ್ದೊಂದು ಸಿಕ್ಕಿತು. "ಇದು ಅಜ್ಜಿಗೆ" ಎಂದು ಅಂಗೈ ಮೇಲಿಟ್ಟು ತೋರಿಸಿದಳು. ಅದು ಮೆಲ್ಲಗೆ ಕಾಲು ಚಾಚಿ ನಡೆಯಿತು!

ಸನ್ಯಾಸಿ ಏಡಿ. ಅದರ ಹಿಂಭಾಗ ಮೆತ್ತಗೆ. ಕಾಪಾಡಿಕೊಳ್ಳಲು ಬೇರೆ ಜೀವಿ ಬಿಟ್ಟುಹೋದ ಖಾಲಿ ಚಿಪ್ಪಿನಲ್ಲಿ ಹೊಕ್ಕು ಬಾಳುತ್ತದೆ. ಮೈ ಬೆಳೆದಂತೆ ಇನ್ನೂ ದೊಡ್ಡ ಚಿಪ್ಪು ಹುಡುಕಬೇಕು. ಅವಳು ಅದನ್ನು ಮೆಲ್ಲಗೆ ಕೆಳಗಿಟ್ಟಳು.

"ಉಳಿದದ್ದು ಖಾಲಿ ಇದೆಯಲ್ಲ, ತಗೊಂಡು ಹೋಗೇ" ಎಂದ ಎದುರುಮನೆಯ ಹುಡುಗ.

"ಇವತ್ತು ಖಾಲಿ. ನಾಳೆ ಯಾವುದಕ್ಕೆ ಮನೆ ಬೇಕೋ!" ಎಂದರು ಮೇಷ್ಟ್ರು. "ದೋಣಿ ದಿನಾ ಬರತ್ತೆ. ಬಂದವರೆಲ್ಲ ಒಂದೊಂದು ಚೀಲ ಒಯ್ದರೆ ಏನುಳೀತು?"

ಅವಳು ಒಂದೇ ಒಂದು ಮಾತನ್ನೂ ಆಡದೆ ಚೀಲವನ್ನು ಬೋರಲು ಹಾಕಿದಳು. ಆಮೇಲೆ ನನ್ನ ಬಳಿ ಬಂದು ನಿಂತಾಗ ಕಣ್ಣು ತುಂಬಿತ್ತು. "ಅಜ್ಜಿಗೆ ಮಾತು ಕೊಟ್ಟಿದ್ದೀನಲ್ಲ ಅಜ್ಜ?"

ಪೇಟೆಯಲ್ಲಿ ಏನಾದರೂ ಕೊಳ್ಳೋಣ ಎನ್ನಬಹುದಿತ್ತು. ಆದರೆ ಅವಳು ಕೊಟ್ಟ ಮಾತು ಪೇಟೆಯದಲ್ಲ, ಸಮುದ್ರದ್ದು. ಸುಮ್ಮನೆ ತಲೆ ಸವರಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ನನ್ನ ಪುಟ್ಟ ಡೈರಿಯನ್ನೂ ಪೆನ್ನನ್ನೂ ಕೇಳಿ ಪಡೆದು, ಎತ್ತರದ ಕಂಬವೊಂದರ ಮೇಲೆ ಕೂತಳು. ಕೆಳಗಿನ ಕಲ್ಲುಗಳು ಒಂದಕ್ಕೊಂದು ಹೇಗೆ ಕೂಡಿವೆಯೋ ಹಾಗೆಯೇ ಬರೆದಳು. ಪ್ರತಿ ಕಲ್ಲಿನೊಳಗೆ ಅದರ ಮೂಲೆಗಳ ಸಂಖ್ಯೆ. ದೋಣಿಯವರು ಕೂಗುವವರೆಗೂ ತಲೆ ಎತ್ತಲಿಲ್ಲ.

ರಾತ್ರಿ ಮನೆಯಲ್ಲಿ ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಆ ಪುಟವನ್ನು ಬಹಳ ಹೊತ್ತು ನೋಡಿದಳು. ಏಡಿಯ ಕಥೆಯನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ, "ಇದು ನಮ್ಮ ಚುಕ್ಕಿ ರಂಗೋಲಿಯಲ್ಲೂ ಬರತ್ತೆ ಕಣೇ. ಏಳರಿಂದ ನಾಲ್ಕರ ತನಕ, ಸಂದಿನಲ್ಲಿ ಚುಕ್ಕಿ ಇಟ್ಟರೆ ಆರು ಮೂಲೆ ತಾನೇ ಆಗತ್ತೆ. ನಂಗೆ ಬಗ್ಗಕ್ಕೆ ಆಗಲ್ಲ, ನೀನೇ ಹಾಕು" ಎಂದಳು.

ಮರುದಿನ ಶಾಲೆಗೆ ಹೊರಡುವ ಮುಂಚೆ ಅಂಗಳದಲ್ಲಿ ಆರು ಮೂಲೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡು ಎದ್ದವು. ಅಜ್ಜಿ ಜಗಲಿಯಲ್ಲಿ ಕೂತು ಚುಕ್ಕಿ ಹೇಳಿಕೊಟ್ಟಳು, ಮೊಮ್ಮಗಳು ಗೆರೆ ಎಳೆದಳು. ಮುಗಿದ ಮೇಲೆ ಅಜ್ಜಿ ಕೇಳಿದಳು: "ಇದರಲ್ಲಿ ನೀನು ಕೂತಿದ್ದ ಕಲ್ಲು ಯಾವುದು?"

ಅವಳು ಸ್ವಲ್ಪ ಯೋಚಿಸಿ, ನಡುವಿನ ಒಂದು ಮನೆಗೆ ಚಿಟಿಕೆ ಕುಂಕುಮ ಹಾಕಿದಳು. ಅದರ ಪಕ್ಕದ ಮನೆಗೆ ಚಿಟಿಕೆ ಅರಿಶಿನ. "ಇದು ನಿಂದು ಅಜ್ಜೀ" ಎಂದಳು.