ಬೆನ್ನೀರಿನ ಸಂಸಾರ

ಒಂದು ಮನೆಯ ಐಶ್ವರ್ಯವನ್ನು ಹಜಾರದ ಕುರ್ಚಿಗಳಿಂದ ಅಳೆಯುವವರುಂಟು. ಅಡಿಗೆಮನೆಯ ಡಬ್ಬಿಗಳಿಂದ ಅಳೆಯುವವರೂ ಉಂಟು. ನನ್ನನ್ನು ಕೇಳಿದರೆ, ನೇರವಾಗಿ ಬಚ್ಚಲಿಗೆ ಹೋಗಿ ನೋಡಬೇಕು. ಅಲ್ಲಿ ಒಲೆಯ ಮೇಲೆ ತಾಮ್ರದ ಹಂಡೆಯೊಂದು ಗಂಭೀರವಾಗಿ ಕುಳಿತು, ಅದರ ಕಂಠದಿಂದ ಸಣ್ಣಗೆ ಆವಿ ಏಳುತ್ತಿದ್ದರೆ, ಆ ಮನೆಯವರನ್ನು ಸಿರಿವಂತರೆಂದು ಧಾರಾಳವಾಗಿ ಕರೆಯಬಹುದು.

ಹಳಗನ್ನಡದಲ್ಲಿ ಬಿಸಿನೀರಿಗೆ ‘ಬೆನ್ನೀರ್’ ಎಂಬ ಸೊಗಸಾದ ಮಾತಿದೆ. ಅದರ ಜೊತೆಗಾರನಾದ ತಣ್ಣೀರು ಇಂದಿಗೂ ನಮ್ಮ ನಾಲಗೆಯ ಮೇಲಿದೆ. ಬೆನ್ನೀರು ಮಾತ್ರ ನಿಘಂಟನ್ನು ಸೇರಿತು. ಕೊಡಗಿನ ಆಷಾಢವನ್ನು ಕಂಡವರಿಗೆ ಇದು ಅನ್ಯಾಯವೆಂದೇ ತೋರುತ್ತದೆ. ನಮ್ಮ ಕುಶಾಲನಗರದಲ್ಲಿ ಮಡಿಕೇರಿಯಷ್ಟು ಮಳೆಯಿಲ್ಲ, ನಿಜ. ಆದರೂ ಹೊದ್ದ ಕಂಬಳಿ ತೇವ, ಒಗೆದ ಬಟ್ಟೆ ತೇವ, ಗೋಡೆ ತೇವ ಎನ್ನುವಂಥ ಬೆಳಗಿನಲ್ಲಿ ನಾಲ್ಕು ಚೊಂಬು ಬಿಸಿನೀರು ಬೆನ್ನ ಮೇಲೆ ಬಿದ್ದಾಗಲೇ ಮನುಷ್ಯನಿಗೆ ತಾನು ಬದುಕಿದ್ದೇನೆಂಬ ನಂಬಿಕೆ ಬರುವುದು!

ಈಚೆಗೆ ನಮ್ಮ ಜಿಲ್ಲೆಯ ಕೆಲವು ಹೋಂಸ್ಟೇಗಳಲ್ಲಿ, ರೆಸಾರ್ಟುಗಳಲ್ಲಿ ಅತಿಥಿಗಳು ಇಳಿದು ಕೂರಲೆಂದು ಬಿಸಿನೀರಿನ ತೊಟ್ಟಿಗಳು ಬಂದಿವೆ. ಜಪಾನೀಯರಿಗೆ ಇದು ಹೊಸತಲ್ಲ. ಹಿಂದೆ ಅವರು ಕಬ್ಬಿಣದ ದೊಡ್ಡ ಕಡಾಯಿಯ ಕೆಳಗೆ ಬೆಂಕಿ ಹಾಕಿ, ತಳ ಸುಡದಂತೆ ಮರದ ಹಲಗೆಯನ್ನು ಮೆಟ್ಟಿಕೊಂಡು ಒಳಗಿಳಿಯುತ್ತಿದ್ದರು. ಅದಕ್ಕೆ ಗೋಎಮೊನ್‌ಬುರೋ ಎಂದು ಹೆಸರು. ಹೊರಗೇ ಮೈ ತೊಳೆದುಕೊಂಡು, ಒಂದೇ ನೀರಿನಲ್ಲಿ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಕೂರುವುದು ಅವರ ಪದ್ಧತಿ. ನಮ್ಮ ಹಿರಿಯರ ಮಡಿಗೆ ಇದು ಒಗ್ಗುವ ಮಾತಲ್ಲ. ಅವರು ತಾವು ಹಂಡೆಗಿಳಿಯಲಿಲ್ಲ. ಹಂಡೆಯ ನೀರನ್ನೇ ತಮ್ಮ ಮೇಲೆ ಇಳಿಸಿಕೊಂಡರು.

ನಮ್ಮ ಮನೆಯ ಹಂಡೆಗೆ ಒಮ್ಮೆ ಕಂಟಕ ಬಂದಿತ್ತು. 2018ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಊರಿನ ತಗ್ಗಿನ ಬಡಾವಣೆಗಳಿಗೆ ನುಗ್ಗಿದಳು. 2019ರ ಆಗಸ್ಟಿನಲ್ಲಿ ಮತ್ತೆ ಬಂದಳು. ಎರಡನೆಯ ಸಲ ನೀರು ಇಳಿದ ಮೇಲೆ ನೋಡಿದರೆ ಒಲೆಯ ಬಾಯಿ ಹೂಳಿನಿಂದ ಮುಚ್ಚಿಹೋಗಿತ್ತು. ಬೆಂಗಳೂರಿನಿಂದ ಬಂದ ತಮ್ಮ, “ಅಣ್ಣ, ಈ ತಾಮ್ರವನ್ನು ತೂಕಕ್ಕೆ ಹಾಕಿಬಿಡೋಣ. ಮಾಳಿಗೆಯ ಮೇಲೆ ಸೋಲಾರ್ ಇಡಿಸಿದರೆ ಸೌದೆಯೂ ಬೇಡ, ಹೊಗೆಯೂ ಬೇಡ” ಎಂದ. ಅವನ ಮಾತಿನಲ್ಲಿ ಹುರುಳಿತ್ತು. ನಲವತ್ತು ವರ್ಷ ಮನೆಗೆಲ್ಲ ನೀರು ಕಾಯಿಸಿದ ಅಮ್ಮನಿಗೆ ಚಳಿಗಾಲವಿಡೀ ಕೆಮ್ಮು. ಹೊಗೆಯಿಂದ ದೂರವಿರಬೇಕೆಂದು ವೈದ್ಯರು ಸ್ಪಷ್ಟವಾಗಿಯೇ ಹೇಳಿದ್ದರು. ಅಮ್ಮ ವಾದಿಸಲಿಲ್ಲ. “ಮಳೆಗಾಲದಲ್ಲಿ ಸೂರ್ಯನನ್ನು ಎಲ್ಲಿಂದ ತರುತ್ತೀಯಪ್ಪ?” ಎಂದಷ್ಟೇ ಕೇಳಿ, ಹುಣಿಸೆಹಣ್ಣು ತಂದು ಹಂಡೆ ಉಜ್ಜಲು ಕುಳಿತರು. ಮಾರುವ ವಸ್ತುವನ್ನು ಯಾರೂ ಅಷ್ಟು ಅಕ್ಕರೆಯಿಂದ ಉಜ್ಜುವುದಿಲ್ಲ.

ಕೊನೆಗೆ ರಾಜಿಯಾಯಿತು. ಬಿಸಿಲಿನ ದಿನಗಳಿಗೆ ಸೋಲಾರ್, ಮಳೆಯ ದಿನಗಳಿಗೆ ಹಂಡೆ. ಒಲೆಯ ಬಾಯಿಯನ್ನು ಬಚ್ಚಲಿನ ಗೋಡೆಯಿಂದಾಚೆಗೆ ತಿರುಗಿಸಿ, ಹೊಗೆಕೊಳವೆಯನ್ನು ಸೂರಿನ ಮೇಲಕ್ಕೆ ಏರಿಸಿದೆವು. ಒಲೆ ಹಚ್ಚುವ ಉದ್ಯೋಗ ನನಗೆ ಬಂತು. ಮೊದಲ ಸ್ನಾನದ ಹಕ್ಕು ಅಮ್ಮನಿಗೆ ಹೋಯಿತು.

ಹೀಗೆ ಹಂಡೆಯ ಯಜಮಾನಿಕೆ ವಹಿಸಿಕೊಳ್ಳುವ ಹೊಸಬರಿಗೆ ನಾಲ್ಕು ಮಾತು ಹೇಳುವ ಅಧಿಕಾರ ಈಗ ನನಗಿದೆಯೆಂದು ಭಾವಿಸುತ್ತೇನೆ. ನೀರು ತುಂಬದೆ ಬೆಂಕಿ ಹಚ್ಚಬಾರದು. ಖಾಲಿ ಹಂಡೆಗೆ ಉರಿ ತಗುಲಿದರೆ ಬೆಸುಗೆ ಬಿಡುತ್ತದೆ. ಒಳಗಿನ ಕಿಲುಬಿಗೆ ಹುಣಿಸೆಹಣ್ಣು, ಉಪ್ಪು ಸಾಕು. ಹುಳಿಯಲ್ಲಿ ತಾಮ್ರದ ಕಿಲುಬು ಕರಗುತ್ತದೆ. ಹೊರಗೆ ತೆಳುವಾಗಿ ಮಣ್ಣು ಮೆತ್ತಿದರೆ ಮಸಿ ತೊಳೆಯುವುದು ಸುಲಭ. ಕೊಳವೆ ಬಾವಿಯ ಗಡಸು ನೀರಾದರೆ ತಳದಲ್ಲಿ ಸುಣ್ಣದ ಪದರ ಕಟ್ಟುತ್ತದೆ. ಅದನ್ನು ಆಗಾಗ ತೆಗೆಯದಿದ್ದರೆ ಸೌದೆ ಹೆಚ್ಚು ತಿನ್ನುತ್ತದೆ.

ಸೌದೆಯ ಲೆಕ್ಕ ಹೀಗೆ. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು 2,000 ಕಿಲೊಕ್ಯಾಲರಿ ಶಾಖ ಬೇಕು. ವಿದ್ಯುತ್ತಿನಲ್ಲಾದರೆ ಸುಮಾರು 2.3 ಯೂನಿಟ್. ಒಣಸೌದೆ ಸಂಪೂರ್ಣ ಉರಿದು, ಶಾಖವೆಲ್ಲ ನೀರಿಗೇ ಸೇರುವುದಾದರೆ ಒಂದು ಕಿಲೋ ಸಹ ಬೇಡ! ಆದರೆ ಸಾಮಾನ್ಯ ಒಲೆಯಲ್ಲಿ ಹೆಚ್ಚಿನ ಪಾಲು ಶಾಖ ಗಾಳಿಯ ಪಾಲಾಗುತ್ತದೆ. ಹಸಿಸೌದೆಯಂತೂ ತನ್ನೊಳಗಿನ ನೀರನ್ನು ಕಾಯಿಸಿಕೊಂಡ ಮೇಲೆಯೇ ನಮ್ಮ ನೀರಿನ ಯೋಚನೆ ಮಾಡುವುದು. ಆದ್ದರಿಂದ ಕಾಫಿ ಕೊಯ್ಲು ಮುಗಿದು ಕಪಾತು ನಡೆಯುವಾಗಲೇ ರೆಂಬೆಗಳನ್ನು ತಂದು, ಸೂರಿನಡಿ ಒಟ್ಟಿ ಒಣಗಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ವಿಭಾಗದವರು ರೂಪಿಸಿದ ಅಸ್ತ್ರ ಒಲೆಯ ಗುಟ್ಟೂ ಸರಳ: ಗಾಳಿಯಾಡುವ ಜಾಲರಿ, ಶಾಖ ಸೋರದ ಗೂಡು, ಹೊಗೆ ಹೊರಹೋಗಲು ಕೊಳವೆ.

ಎಲ್ಲಕ್ಕಿಂತ ಮುಖ್ಯವಾದುದು ಗಾಳಿ. ಮುಚ್ಚಿದ ಕೋಣೆಯಲ್ಲಿ ಕೆಂಡವಿರಲಿ, ಗ್ಯಾಸ್ ಗೀಸರ್ ಇರಲಿ, ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಕಿಟಕಿ ತೆರೆದರೆ ಚಳಿಯಾದೀತು, ಅಷ್ಟೆ. ಮಕ್ಕಳಿರುವ ಮನೆಯಲ್ಲಿ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು.

ವರ್ಷಕ್ಕೊಮ್ಮೆ ಹಂಡೆಗೂ ಹಬ್ಬವಿದೆ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಅಂದು ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಕೊರಳಿಗೆ ಹೂವು ಕಟ್ಟುತ್ತಾರೆ. ದಕ್ಷಿಣ ಕನ್ನಡದ ಕಡೆಯವಳಾದ ನನ್ನಾಕೆ ಹಿಂಡ್ಲೆ ಬಳ್ಳಿಯೇ ಆಗಬೇಕೆಂದು ಹಠ ಹಿಡಿಯುತ್ತಾಳೆ. ನಾನು ಬಳ್ಳಿ ಹುಡುಕುತ್ತ ಬೇಲಿ ಬೇಲಿ ಸುತ್ತುತ್ತೇನೆ.

ಈಗ ಆರು ವರ್ಷದ ಮಗಳಿಗೂ ಅಜ್ಜಿಯಿಂದ ಹಂಡೆಯ ಪಾಠ ಆರಂಭವಾಗಿದೆ. ಪಾಠದಲ್ಲಿರುವುದು ಒಂದೇ ಸೂತ್ರ: ಎಷ್ಟು ಚೊಂಬು ಬಿಸಿನೀರು ತೆಗೆದೆಯೋ ಅಷ್ಟು ಚೊಂಬು ತಣ್ಣೀರನ್ನು ಹಂಡೆಗೆ ಸುರಿದೇ ಹೊರಗೆ ಬರಬೇಕು. “ಯಾಕಜ್ಜಿ, ನನ್ನ ಸ್ನಾನ ಆಯಿತಲ್ಲ?” ಎಂದು ಅವಳು ಮೊನ್ನೆ ಕೇಳಿದಳು. “ನಿನ್ನದು ಆಯಿತು ಮಗೂ, ನಿನ್ನ ಅಪ್ಪನದು ಆಗಬೇಡವೆ?” ಎಂದರು ಅಮ್ಮ. ಮನೆಯಲ್ಲಿ ನನ್ನ ಸ್ನಾನ ಈಗಲೂ ಕೊನೆಯದೇ. ಆದರೆ ನೀರು ಒಂದು ದಿನವೂ ಕಡಿಮೆಯಾಗಿಲ್ಲ.