ಹಿಂದಿನ ಸೀಟಿನ ಸದ್ದು

ಕಾರು ತಗೊಳ್ಳುವ ಮುಂಚೆ ನಾನು ಎಕ್ಸೆಲ್ ಶೀಟ್ ಮಾಡಿದ್ದೆ. ನಗಬೇಡಿ, ನೀವೂ ಮಾಡಿರ್ತೀರ.

ಅದು 2023ರ ಫೆಬ್ರವರಿ. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ನನ್ನ ಜತೆ ಕ್ರಿಕೆಟ್ ಆಡುತ್ತಿದ್ದ ಇಬ್ಬರಿಗೆ ಒಂದೇ ವಾರದಲ್ಲಿ ಕೆಲಸ ಹೋಗಿತ್ತು. ಎಚ್-1ಬಿ ವೀಸಾದಲ್ಲಿ ಇರುವವನಿಗೆ ಕೆಲಸ ಹೋದರೆ ಸಿಗುವುದು 60 ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ ಹುಡುಕಬೇಕು, ಇಲ್ಲಾಂದ್ರೆ ಗಂಟುಮೂಟೆ ಕಟ್ಟಬೇಕು. ಈ ಕಡೆ ತಿಪಟೂರು ಹತ್ತಿರದ ನಮ್ಮೂರಲ್ಲಿ ಕಟ್ಟಿಸುತ್ತಿದ್ದ ಮನೆ ಆರ್‌ಸಿಸಿ ಮಟ್ಟಕ್ಕೆ ಬಂದು ನಿಂತಿತ್ತು. ಇಂಥ ಹೊತ್ತಲ್ಲಿ ಹೊಸ ಕಾರಿಗೆ ಐದು ವರ್ಷದ ಸಾಲ ಮಾಡೋಕೆ ಧೈರ್ಯ ಬರಲಿಲ್ಲ. ಹಳೇದು ಇರಲಿ, ಪೆಟ್ರೋಲು ಕಡಿಮೆ ಕುಡಿಯಲಿ, ಕೈಯಲ್ಲಿರೋ ದುಡ್ಡಲ್ಲಿ ಮುಗಿಯಲಿ ಅಂತ ಲೆಕ್ಕ ಹಾಕಿದಾಗ ಶೀಟಿನ ಕೊನೆಯಲ್ಲಿ ಉಳಿದದ್ದು 2012ರ ಟೊಯೋಟಾ ಪ್ರಿಯಸ್. ಓಡಿದ್ದು 1,08,000 ಮೈಲಿ, ಹೇಳಿದ ಬೆಲೆ 9,500 ಡಾಲರ್. ಅಮೆರಿಕ ಸರ್ಕಾರದ ಲೆಕ್ಕದಲ್ಲಿ ಆ ಕಾರು ಗ್ಯಾಲನ್ನಿಗೆ 50 ಮೈಲಿ ಕೊಡುತ್ತೆ. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 21 ಕಿಲೋಮೀಟರ್.

ಹಳೇ ಹೈಬ್ರಿಡ್ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಬ್ಯಾಟರಿ ಕಥೆ ಏನು?" ಸರಿಯಾದ ಪ್ರಶ್ನೆಯೇ. ಈ ಕಾರಲ್ಲಿ ಹಿಂದಿನ ಸೀಟಿನ ಬೆನ್ನಿಗೆ ಅಂಟಿದ ಹಾಗೆ 201.6 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಇರುತ್ತೆ. ಒಳಗೆ 28 ಮಾಡ್ಯೂಲುಗಳು. ಎರಡೆರಡು ಸೇರಿಸಿ 14 ಜೋಡಿ ಮಾಡಿ ಕಾರಿನ ಕಂಪ್ಯೂಟರ್ ಒಂದೊಂದು ಜೋಡಿಯ ವೋಲ್ಟೇಜನ್ನೂ ನೋಡ್ಕೊಳ್ಳುತ್ತೆ. ಒಂದು ಜೋಡಿ ಸೋತರೆ ಸಾಕು, ಇಡೀ ಬ್ಯಾಟರಿ ಕುಂಟುತ್ತೆ. ಟೆಕ್ಸಸ್‌ನಲ್ಲಿ ಇದಕ್ಕಿದ್ದ ವಾರಂಟಿ 8 ವರ್ಷ ಅಥವಾ ಒಂದು ಲಕ್ಷ ಮೈಲಿ. ನನ್ನ ಕಾರಿಗೆ ಎರಡೂ ದಾಟಿತ್ತು.

ನಾನು ಬಿಡ್ತೀನಾ? ಒಬಿಡಿ ಅಡಾಪ್ಟರ್ ತರಿಸಿ, ಫೋನಿಗೆ ಆ್ಯಪ್ ಹಾಕ್ಕೊಂಡು, ಮಾರುವವರ ಮನೆ ಮುಂದೆಯೇ 14 ಜೋಡಿಯ ಗ್ರಾಫ್ ನೋಡಿದೆ. ಕಾರು ಜೋರಾಗಿ ಓಡಿಸಿದೆ, ಬ್ರೇಕ್ ಹಾಕಿದೆ. ಎಲ್ಲಾ ಗೆರೆಗಳೂ ಒಟ್ಟಿಗೆ ಏರುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು. ಆಫೀಸಲ್ಲಿ ಸರ್ವರುಗಳ ಡ್ಯಾಶ್‌ಬೋರ್ಡ್ ನೋಡೋದೇ ನನ್ನ ಕಸುಬು. ಗ್ರಾಫ್ ಹಸಿರಾಗಿದ್ದರೆ ನನಗೆ ನಿದ್ದೆ ಬರುತ್ತೆ.

ಒಂದೇ ಕೊರತೆ ಅಂದ್ರೆ ಸೀಟಿನ ತುಂಬಾ ನಾಯಿಯ ಕೂದಲು. ಮಾರುವವರ ಮನೇಲಿ ದೊಡ್ಡದೊಂದು ನಾಯಿ ಇತ್ತು, ದಿನಾ ಹಿಂದಿನ ಸೀಟಲ್ಲಿ ಸವಾರಿ ಮಾಡ್ತಿತ್ತಂತೆ. ಕ್ಲೀನ್ ಮಾಡಿಸೋ ಖರ್ಚು ಅಂತ ಚೌಕಾಸಿ ಮಾಡಿ 200 ಡಾಲರ್ ಇಳಿಸಿದೆ. ಮನೆಗೆ ತಂದು ವ್ಯಾಕ್ಯೂಮ್ ಹೊಡೆದೆ. ಸೀಟು ಫಳಫಳ. 200 ಡಾಲರ್ ಸುಮ್ಮನೆ ಉಳಿಯಿತು ಅಂತ ಹೆಂಡತಿ ಹತ್ರ ಬೀಗಿದೆ.

ಮೊದಲ ವರ್ಷ ಕಾರು ನನ್ನನ್ನು ಸಾಕಿತು ಅಂತಲೇ ಹೇಳಬೇಕು. 10,000 ಮೈಲಿಗೊಂದು ಆಯಿಲ್ ಚೇಂಜ್. ನಿಧಾನಕ್ಕೆ ಬ್ರೇಕ್ ಒತ್ತಿದರೆ ಮೋಟಾರೇ ಜನರೇಟರ್ ಆಗಿ ವೇಗವನ್ನು ಕರೆಂಟ್ ಮಾಡಿ ಬ್ಯಾಟರಿಗೆ ಕಳಿಸುತ್ತೆ, ಹಾಗಾಗಿ ಬ್ರೇಕ್ ಪ್ಯಾಡ್ ಸವೆಯೋದೇ ಅಪರೂಪ. ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರೋದ್ರಿಂದ ಕಳ್ಳರು ರಾತ್ರಿ ಬಂದು ಕೊಯ್ಕೊಂಡು ಹೋಗ್ತಾರೆ ಅಂತ ಕೆಳಗಡೆ ಲೋಹದ ತಗಡೊಂದು ಹಾಕಿಸಿದೆ. ಹೀಗೆ ಓದಿ ತಿಳಿದದ್ದನ್ನೆಲ್ಲಾ ಮಾಡಿದೆ.

2024ರ ಮೇನಲ್ಲಿ ಅಪ್ಪ ಅವ್ವ ಬಂದರು. ಏರ್‌ಪೋರ್ಟಿನಿಂದ ಮನೆಗೆ ಬಂದ ಮಾರನೇ ಬೆಳಿಗ್ಗೆಯೇ ಅಪ್ಪ ಕಾರಿನ ಸುತ್ತ ಒಂದು ರೌಂಡ್ ಹೊಡೆದು, "ಬಾನೆಟ್ ಎತ್ಲಾ ನೋಡಾನ" ಅಂದರು.

ಆಫೀಸಿನ ಮೀಟಿಂಗಿಗೆ ಹೊತ್ತಾಗಿತ್ತು. "ಅಪ್ಪಾ, ಇದೆಲ್ಲಾ ಕಂಪ್ಯೂಟರ್ರೇ ನೋಡ್ಕೊಳ್ತದೆ. ನಿಂಗೆ ಗೊತ್ತಾಗಲ್ಲ ಬಿಡು" ಅಂದೆ. ಬೈದು ಹೇಳಿದ್ದಲ್ಲ, ನಗ್ತಾನೇ ಹೇಳಿದ್ದು. ಅಪ್ಪನೂ ನಕ್ಕರು.

ಆಮೇಲೆ ಅಪ್ಪ ಕಾರಿನ ಬಗ್ಗೆ ಒಂದೇ ಒಂದು ಸಲ ಮಾತಾಡಿದ್ದು. ಆಸ್ಟಿನ್ ಪಶ್ಚಿಮಕ್ಕೆ ಗುಡ್ಡದ ರಸ್ತೆಗಳಿವೆ. ಇಳಿಜಾರಲ್ಲಿ ಬ್ಯಾಟರಿ ತುಂಬುವುದನ್ನು ಪರದೆ ಮೇಲೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಗಾಡಿ ಎತ್ತಿಗೆ ಏರಿಗಿಂತ ಇಳಿಜಾರೇ ಕಷ್ಟ ಕಣ್ಲಾ, ಇಡೀ ಭಾರ ಕತ್ತಿಗೆ ಬೀಳ್ತದೆ. ನಿನ್ ಕಾರಿಗೆ ಇಳಿಜಾರಲ್ಲೇ ಮೇವು ಸಿಗ್ತೈತಲ್ಲ" ಅಂದರು. ಹೈಬ್ರಿಡ್ ಬಗ್ಗೆ ಇಷ್ಟು ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಜೂನ್‌ನಲ್ಲಿ ಒಂದು ಶನಿವಾರ ಸ್ಯಾನ್ ಆಂಟೋನಿಯೋಗೆ ಹೊರಟೆವು. ಸುಮಾರು 80 ಮೈಲಿ. ಸುಡುಬಿಸಿಲು. ಹಿಂದೆ ಬಲಗಡೆ ಅಪ್ಪ, ಎಡಗಡೆ ಅವ್ವ. ಅಪ್ಪ ಒರಗಿಕೊಳ್ಳಲಿ ಅಂತ ಅವರ ಪಕ್ಕಕ್ಕೆ, ಬಾಗಿಲ ಕಡೆಗೆ, ನಾನೇ ಒಂದು ದಿಂಬು ಸಿಕ್ಕಿಸಿದೆ. ಅರ್ಧ ದಾರಿ ದಾಟಿದ ಮೇಲೆ ಡ್ಯಾಶ್‌ಬೋರ್ಡಲ್ಲಿ ಕೆಂಪು ತ್ರಿಕೋನ ಹತ್ತಿತು. 'ಚೆಕ್ ಹೈಬ್ರಿಡ್ ಸಿಸ್ಟಂ'. ಕಾರು ಕಸುವು ಕಳ್ಕೊಂಡಿತು. ಪಕ್ಕಕ್ಕೆ ಹಾಕಿ, ಟೋ ಮಾಡಿಸಿ, ನಾಲ್ಕೂ ಜನ ಟ್ಯಾಕ್ಸಿಯಲ್ಲಿ ಮನೆಗೆ ಬಂದೆವು.

ಸೋಮವಾರ ವರ್ಕ್‌ಶಾಪಿನವರು ಕಂಪ್ಯೂಟರ್ ಸಿಕ್ಕಿಸಿ ನೋಡಿ ಹೇಳಿದರು: ಬ್ಯಾಟರಿ ಬದಲಾಯಿಸಬೇಕು, 3,400 ಡಾಲರ್. ಆವತ್ತಿನ ಲೆಕ್ಕದಲ್ಲಿ 2 ಲಕ್ಷ 80 ಸಾವಿರ ರೂಪಾಯಿ. ಊರಿನ ಮನೆಯ ಕಿಟಕಿ, ಬಾಗಿಲು, ಟೈಲ್ಸು ಎಲ್ಲಾ ಅದರಲ್ಲಿ ಆಗ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ನಾನೂ ಹೆಂಡತಿಯೂ ಇಂಗ್ಲಿಷಲ್ಲಿ ಮಾತಾಡ್ಕೊಳ್ತಿದ್ವಿ, ಅವರಿಗೆ ತಿಳೀದಿರಲಿ ಅಂತ. ಅಪ್ಪನಿಗೆ ಏನರ್ಥವಾಯ್ತೋ, ಮುದ್ದೆ ಮುರೀತಾ ಮೆಲ್ಲಗೆ ಅಂದರು:

"ನಾನ್ ಕೂರೋ ಪಕ್ಕ ಒಂದು ಜಾಲರಿ ಐತಲ್ಲ, ಅದ್ರೊಳಗಿಂದ ಏದುಸಿರು ಬಿಟ್ಟಂಗೆ ಸದ್ದು ಬರ್ತಿತ್ತು. ಬಂದ ದಿನದಿಂದ್ಲೂ. ಬಿಸಿಲು ಜಾಸ್ತಿಯಾದ್ರೆ ಇನ್ನೂ ಜೋರು."

"ಮತ್ತೆ ಹೇಳೋದಲ್ವಾ ಅಪ್ಪಾ?"

"ಕಂಪ್ಯೂಟರ್ ನೋಡ್ಕೊಳ್ತದೆ ಅಂದಿದ್ದೆ. ಓದಿರೋನು ನೀನು. ಅದ್ರ ಸದ್ದೇ ಅಂಗೇನೋ ಅಂತ ಸುಮ್ಕಾದೆ."

ನಾನು ತಟ್ಟೆ ನೋಡ್ತಾ ಕೂತೆ.

ಚಿಕ್ಕಂದಿನಲ್ಲಿ ಬಾವಿ ಮೋಟಾರಿನ ಸ್ಟಾರ್ಟರ್ ಒತ್ತೋಕೆ ಅಪ್ಪ ನನ್ನನ್ನು ಕಳಿಸ್ತಿದ್ದರು. ಮೋಟಾರು ತಿರುಗದೆ ಬರೀ ಗುಂಯ್ ಅಂದ್ರೆ ತೆಂಗಿನ ತೋಟದ ಆ ತುದಿಯಿಂದಲೇ ಕೂಗೋರು, "ಆಫ್ ಮಾಡ್ಲಾ! ಒಂದು ಫೇಸಿಲ್ಲ, ಕಾಯಿಲ್ ಸುಟ್ಟೋಯ್ತದೆ!" ಮೀಟರಿಲ್ಲ, ಗ್ರಾಫಿಲ್ಲ. ಸದ್ದು ಕೇಳಿ ಹೇಳೋರು. ಬಿಇ ಮೊದಲ ವರ್ಷದಲ್ಲಿ ತ್ರೀ ಫೇಸ್ ಮೋಟಾರಿನ ಪಾಠ ಬಂದಾಗ ಇಡೀ ಕ್ಲಾಸಲ್ಲಿ ಅದು ಮೊದಲೇ ಗೊತ್ತಿದ್ದವನು ನಾನೊಬ್ಬನೇ. ಅಂಥವರಿಗೆ ನಾನು "ನಿಂಗೆ ಗೊತ್ತಾಗಲ್ಲ ಬಿಡು" ಅಂದಿದ್ದೆ.

ಮಾರನೇ ದಿನ ಹೈಬ್ರಿಡ್ ಕಾರುಗಳನ್ನೇ ರಿಪೇರಿ ಮಾಡುವ ಒಬ್ಬ ಮೆಕ್ಯಾನಿಕ್ ಹತ್ರ ಹೋದೆ, ಅಪ್ಪನನ್ನೂ ಕರ್ಕೊಂಡು. ಜಾಲರಿಯ ಸದ್ದು ಅಂದದ್ದೇ ತಡ ಆತ ತಲೆಯಾಡಿಸಿದ. ಈ ಬ್ಯಾಟರಿಗೆ ತಂಪು ಸಿಗೋದು ಕಾರಿನೊಳಗಿನ ಗಾಳಿಯಿಂದ. ಹಿಂದಿನ ಸೀಟಿನ ಪಕ್ಕದ ಜಾಲರಿಯಿಂದ ಒಂದು ಫ್ಯಾನು ಗಾಳಿ ಎಳೆದು ಬ್ಯಾಟರಿಗೆ ಊದುತ್ತೆ. ಆತ ಮೊದಲು ಹೈವೋಲ್ಟೇಜಿನ ಕಿತ್ತಳೆ ಬಣ್ಣದ ಪ್ಲಗ್ ಕಿತ್ತು, ಡಿಕ್ಕಿಯ ಹಲಗೆಗಳನ್ನೆಲ್ಲಾ ಬಿಚ್ಚಿ, ಫ್ಯಾನನ್ನು ಹೊರಗೆ ತೆಗೆದ. ರೆಕ್ಕೆಗಳೇ ಕಾಣ್ತಿರಲಿಲ್ಲ. ನಾಯಿಕೂದಲು ಧೂಳಿನ ಜತೆ ಸೇರಿ ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು.

ಅದೇ ನಾಯಿ. ಅದೇ 200 ಡಾಲರ್. ಸೀಟಿನ ಮೇಲಿದ್ದ ಕೂದಲಿಗೆ ಚೌಕಾಸಿ ಮಾಡಿದವನು ಉಳಿದದ್ದು ಎಲ್ಲಿಗೆ ಹೋಗಿರಬಹುದು ಅಂತ ಯೋಚಿಸಲೇ ಇಲ್ಲ. ಇದ್ದ ಒಂಚೂರು ಗಾಳಿಯ ದಾರಿಗೆ ಕೊನೆಗೆ ದಿಂಬು ತುರುಕಿದವನೂ ನಾನೇ.

ಫ್ಯಾನು, ಗಾಳಿಯ ಕೊಳವೆ ಎಲ್ಲಾ ಕ್ಲೀನ್ ಮಾಡಿ, ಕೋಡ್ ಅಳಿಸಿ, ಎರಡು ದಿನ ಓಡಿಸಿ ನೋಡಿದ. ಬಿಲ್ 260 ಡಾಲರ್. "ಬ್ಯಾಟರಿ ಹೊಸದಾಗಿಲ್ಲ, ನೆನಪಿರಲಿ. ಬಿಸಿಗೆ ಒಂದೆರಡು ಜೋಡಿ ಸ್ವಲ್ಪ ಸೊರಗಿವೆ. ಇನ್ನೆಷ್ಟು ದಿನವೋ ಹೇಳೋಕಾಗಲ್ಲ" ಅಂದ. ಈಗಲೂ ಅದೇ ಬ್ಯಾಟರಿ ಓಡುತ್ತಿದೆ. ತಿಂಗಳಿಗೆ 100 ಡಾಲರ್ ಬೇರೆ ಎತ್ತಿಡ್ತಿದೀನಿ, ಆ ದಿನ ಬಂದೇ ಬರುತ್ತೆ ಅಂತ. ಹಳೇ ಹೈಬ್ರಿಡ್ ತಗೊಳ್ಳೋರು ಬ್ಯಾಟರಿಯ ಗ್ರಾಫ್ ನೋಡಿ, ಬೇಡ ಅನ್ನಲ್ಲ. ಜತೆಗೆ ಹಿಂದಿನ ಸೀಟಿನ ಪಕ್ಕ ಬಗ್ಗಿ ಆ ಜಾಲರಿಗೆ ಟಾರ್ಚ್ ಬಿಡಿ. ಮುಂಚಿನ ಓನರ್ ಮನೇಲಿ ನಾಯಿಯೋ ಬೆಕ್ಕೋ ಇದ್ದರಂತೂ ಫ್ಯಾನ್ ಬಿಚ್ಚಿಸಿಯೇ ದುಡ್ಡು ಕೊಡಿ. ಅಲ್ಲಿ ದಿಂಬು, ಬ್ಯಾಗು, ಜಾಕೆಟ್ಟು ಇಡಬೇಡಿ.

ಆವತ್ತು ಮನೆಗೆ ಬಂದ ಮೇಲೆ ನಾನೇ ಬಾನೆಟ್ ಎತ್ತಿ ಅಪ್ಪನನ್ನು ಕರೆದೆ. ಆಲ್ಟರ್ನೇಟರೂ ಇಲ್ಲ, ಬೇರೆ ಸ್ಟಾರ್ಟರ್ ಮೋಟಾರೂ ಇಲ್ಲ ಅಂತ ತೋರಿಸಿದೆ. ಒಂದು ಗಂಟೆ ನಿಂತು ಒಂದೊಂದೇ ಕೇಳಿದರು. ಎರಡು ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ.

ಈಗ ಭಾನುವಾರ ಫೋನ್ ಮಾಡಿದಾಗ ಅವ್ವನ ಮಂಡಿನೋವು, ಕೊಬ್ಬರಿ ರೇಟು ಎಲ್ಲಾ ಮುಗಿದ ಮೇಲೆ ಅಪ್ಪ ಕೇಳ್ತಾರೆ, "ಫ್ಯಾನು ಒರೆಸಿದ್ಯೇನ್ಲಾ?" ಒರೆಸಿರ್ತೀನಿ. ಆದ್ರೂ "ಇಲ್ಲಪ್ಪಾ, ಈ ವಾರ ಒರೆಸ್ತೀನಿ" ಅಂತೀನಿ. ಆಗ ಹೆಂಗೆ ಒರೆಸಬೇಕು ಅಂತ ಮೊದಲಿಂದ ಹೇಳ್ತಾರೆ. ನಾನು ಕೇಳ್ತೀನಿ.